ಹೆದ್ದಾರಿ ಊರಾಚೆ ಹೋದ ಮೇಲೆ ಪೇಟೆ ಬೀದಿ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಬೆಂಗಳೂರು–ಮೈಸೂರು ದಾರಿಯ ಊರುಗಳಿಂದ ಬಂದಿವೆ. ಬಿಡದಿ, ರಾಮನಗರ, ಚನ್ನಪಟ್ಟಣ. ಈ ಊರುಗಳು ನನ್ನವೇ. ರಾಮನಗರದ ಪೇಟೆಯಲ್ಲಿ 31 ವರ್ಷ ಪಾತ್ರೆ ಅಂಗಡಿಯ ಗಲ್ಲಾದಲ್ಲಿ ಕೂತವಳು ನಾನು. ಹಾಗಾಗಿ ದೊಡ್ಡಬಳ್ಳಾಪುರದ್ದೊಂದನ್ನು ಬಿಟ್ಟು ಬೇರೆ ಕಾಗದಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈಗ ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಅಕ್ಕಾ, ಹಳೇ ಹೈವೇ ಪಕ್ಕ ನಮ್ಮಪ್ಪನ ಕಾಲದ ಬೊಂಬೆ ಅಂಗಡಿ ಇದೆ. ಮೈಸೂರಿಗೆ ಹೋಗೋ ಕಾರು, ಟೂರಿಸ್ಟ್ ಬಸ್ಸು ನಿಲ್ಲಿಸಿದರೇನೇ ನಮಗೆ ವ್ಯಾಪಾರ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಭಾನುವಾರವೂ ಅಂಗಡಿ ಖಾಲಿ. ಮುಚ್ಚಿ ಬೆಂಗಳೂರಿಗೆ ಹೋಗೋಣ ಅಂತಾನೆ ಮಗ. ಏನು ಮಾಡಲಿ?
— ಬೊಂಬೆ ಅಂಗಡಿಯವರು, ಚನ್ನಪಟ್ಟಣ

ಮುಚ್ಚಬೇಡಿ ಅಣ್ಣ. ಆದರೆ ಹೋದ ಕಾರುಗಳಿಗೆ ಕಾಯುತ್ತಲೂ ಕೂರಬೇಡಿ.

2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಸುಮಾರು 118 ಕಿಲೋಮೀಟರ್ ದಾರಿ. ನಿಮ್ಮೂರು, ನಮ್ಮೂರು ಎರಡಕ್ಕೂ ಸೇರಿ ಒಂದೇ ಬೈಪಾಸ್, 22 ಕಿಲೋಮೀಟರ್‌ನದ್ದು. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು ಅಂತ ಎಲ್ಲರೂ ಸಂತೋಷಪಟ್ಟರು. ಆ ಉಳಿದ ಒಂದೂವರೆ ಗಂಟೆಯಲ್ಲೇ ಬಿಡದಿಯ ತಟ್ಟೆ ಇಡ್ಲಿ, ನಿಮ್ಮ ಬೊಂಬೆ, ಮದ್ದೂರಿನ ವಡೆ ಎಲ್ಲಾ ಇದ್ದದ್ದು. ಆ ವ್ಯಾಪಾರ ಹಾಗೇ ವಾಪಸ್ ಬರುತ್ತದೆ ಅಂತ ನಾನು ನಿಮಗೆ ಸುಳ್ಳು ಹೇಳಲಾರೆ.

ಈಗ ನಿಮ್ಮ ಅಂಗಡಿ ಮೆಟ್ಟಿಲ ಮೇಲೆ ಒಂದು ದಿನ ಕೂತು ರಸ್ತೆ ನೋಡಿ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಅವರೆಲ್ಲಾ ಎಲ್ಲಿ ಓಡಾಡುತ್ತಾರೆ? ಸರ್ವಿಸ್ ರಸ್ತೆಯಲ್ಲಿ, ಇಲ್ಲಾ ಹಳೇ ಹೈವೇಯಲ್ಲಿ, ಅಂದರೆ ನಿಮ್ಮ ಅಂಗಡಿ ಮುಂದೆ. ಮೊದಲು ಲಾರಿ, ಬಸ್ಸುಗಳ ನಡುವೆ ಮಗು ಕೈ ಹಿಡಿದು ಆ ರಸ್ತೆ ದಾಟೋಕೆ ತಾಯಂದಿರು ಹೆದರುತ್ತಿದ್ದರು. ಈಗ ಆ ಅಬ್ಬರ ಇಲ್ಲ. ನಿಮ್ಮೂರಿನವರು, ಸುತ್ತಲ ಹಳ್ಳಿಯವರು ಮೊದಲ ಸಲ ನಿಮ್ಮ ಅಂಗಡಿ ತನಕ ನಿಧಾನವಾಗಿ ನಡೆದು ಬರಬಹುದು.

"ನಮ್ಮ ಜನ ಬೊಂಬೆ ಕೊಳ್ಳಲ್ಲಕ್ಕ" ಅಂತೀರಿ, ಗೊತ್ತು. ಅವರು ಕೊಳ್ಳುವಂಥದ್ದು ಅಂಗಡಿಯಲ್ಲಿ ಇದೆಯಾ ನೋಡಿ. ಹೋದ ವರ್ಷ ನಿಮ್ಮ ಬೀದಿಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದೆ. ಎಲ್ಲಾ ಕಡೆ ಮುಂದಿನ ಸಾಲಿನಲ್ಲಿ ಟೂರಿಸ್ಟರ ಮಾಲು. ಕೀ ಚೈನು, ಪೆನ್ ಸ್ಟ್ಯಾಂಡು, ಕಾರಿನೊಳಗೆ ತೂಗು ಹಾಕೋದು. ಮಗುವಿನ ಗಿಲಕಿ ಕೇಳಿದೆ, ಮೇಲಿನ ಅಟ್ಟದಿಂದ ಧೂಳು ಒರೆಸಿ ಕೊಟ್ಟರು. ಮಗು ಹಿಡಿದುಕೊಂಡು ನಡೆಯುವ ಮೂರು ಗಾಲಿಯ ಗಾಡಿ ಹಿಂದಿನ ಕೋಣೆಯಲ್ಲಿತ್ತು. ನಾಮಕರಣಕ್ಕೆ ಹೋಗುವವರು ಕೊಳ್ಳುವುದು ಇದನ್ನೇ ಅಲ್ವಾ? ಅರಿಶಿನ ಕುಂಕುಮದ ಭರಣಿ, ಅಳಗುಳಿ ಮಣೆ, ಬುಗುರಿ, ಲಟ್ಟಣಿಗೆ, ದಸರಾಕ್ಕೆ ಕೂರಿಸುವ ಬೊಂಬೆ, ಇವನ್ನು ಮುಂದಕ್ಕೆ ತನ್ನಿ. ಬೆಲೆ ಚೀಟಿ ಅಂಟಿಸಿ. ಟೂರಿಸ್ಟರು ಚೌಕಾಸಿ ಮಾಡಿ ಕೊಂಡು ಹೋಗುತ್ತಾರೆ. ಊರಿನವರು ಬೆಲೆ ಕೇಳೋಕೆ ಸಂಕೋಚಪಟ್ಟು ಒಳಗೇ ಬರುವುದಿಲ್ಲ.

ಇನ್ನೊಂದು ಮಾತು ನನ್ನ ಅಂಗಡಿಯ ಅನುಭವದಿಂದ. ನಮ್ಮಲ್ಲಿ ಪಾತ್ರೆ ಮೇಲೆ ಹೆಸರು ಕೊರೆಯುವ ಪುಟ್ಟ ಯಂತ್ರ ಇತ್ತು. ಪೆನ್ನಿನ ಹಾಗೆ ಹಿಡಿದರೆ ಸೂಜಿ ಜುರ್ರ್ ಅಂತ ಸ್ಟೀಲಿನ ಮೇಲೆ ಓಡುತ್ತದೆ. ಮದುವೆ ಮುಯ್ಯಿಗೆ ಅಂತ ಕೊಳಗ ಕೊಂಡವರು, ಇಂಥವರ ಮದುವೆಗೆ ಇಂಥವರಿಂದ ಅಂತ ಚೀಟಿ ಬರೆದುಕೊಟ್ಟು ಕಾಯುತ್ತಿದ್ದರು. ಹತ್ತು, ಹದಿನೈದು ನಿಮಿಷ. ಆ ಹೊತ್ತಲ್ಲಿ ಗಂಡ ಎದುರು ಹೋಟೆಲ್ಲಿಗೆ ಕಾಫಿಗೆ ಹೋಗುತ್ತಿದ್ದ. ಹೆಂಡತಿ ಪಕ್ಕದ ಬಳೆ ಅಂಗಡಿಗೆ ಇಣುಕುತ್ತಿದ್ದಳು. ವಾಪಸ್ ಬಂದು, "ಅಕ್ಕಾ, ಆ ಜಾಲರಿ ಸೌಟು ಎಷ್ಟು?" ಅನ್ನುತ್ತಿದ್ದಳು. ಹೆಸರು ಕೊರೆಯೋದಕ್ಕೆ ನಾನು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಸಲ ಯಂತ್ರ ಕೆಟ್ಟು ಎರಡು ವಾರ ರಿಪೇರಿಗೆ ಹೋಯಿತು. ಮೂರನೇ ದಿನವೇ ಬಳೆ ಅಂಗಡಿಯವರು ಬಂದು, "ಯಾವಾಗ ಬರುತ್ತೆ ಅದು?" ಅಂತ ಕೇಳಿದರು.

ನಿಮ್ಮ ಹತ್ತಿರ ಇದಕ್ಕಿಂತ ಚೆನ್ನಾದದ್ದು ಇದೆ. ಹಿಂದಿನ ಶೆಡ್ಡಿನಲ್ಲಿರುವ ಲೇತ್ ಒಂದನ್ನು ಅಂಗಡಿಯ ಮುಂಭಾಗಕ್ಕೆ ತನ್ನಿ. ಆಲೆ ಮರದ ತುಂಡು ಗಿರ್ರನೆ ತಿರುಗುವಾಗ ಅರಗಿನ ಕಡ್ಡಿ ತಾಗಿಸುತ್ತೀರಲ್ಲ, ಆ ಬಿಸಿಗೆ ಅರಗು ಕರಗಿ ಬಣ್ಣ ಹರಡಿಕೊಳ್ಳುತ್ತದಲ್ಲ, ಮೇಲೆ ತಾಳೆ ಗರಿ ಒತ್ತಿ ಹಿಡಿದಾಗ ಕನ್ನಡಿಯ ಹಾಗೆ ಹೊಳಪು ಬರುತ್ತದಲ್ಲ, ಇದನ್ನು ಕಣ್ಣಾರೆ ನೋಡಿದ ಮಗು ಬರಿಗೈಯಲ್ಲಿ ಹೋಗುವುದಿಲ್ಲ. ಬುಗುರಿ ಮೇಲೆ ಮಗುವಿನ ಹೆಸರು ಬರೆದುಕೊಡಿ. ಹದಿನೈದು ನಿಮಿಷ ಕಾಯಲಿ. ಆಗ ಪಕ್ಕದ ಟೀ ಅಂಗಡಿಯವರಿಗೂ ನಿಮ್ಮ ಅಂಗಡಿ ಉಳಿಯಬೇಕು ಅನ್ನಿಸುತ್ತದೆ.

ಗಿಡಮೂಲದ ಬಣ್ಣದ ಬೊಂಬೆ ಯಾವುದು, ಅಲ್ಲದ್ದು ಯಾವುದು ಅಂತ ಕೇಳುವ ಮೊದಲೇ ಹೇಳಿ. ಹೊರಗಿನ ಪ್ಲಾಸ್ಟಿಕ್ ಮಾಲನ್ನು ಚನ್ನಪಟ್ಟಣದ ಹೆಸರಲ್ಲಿ ದಯವಿಟ್ಟು ಮಾರಬೇಡಿ. ಆ ಪ್ಲಾಸ್ಟಿಕ್ಕಿಗೆ ಕೊಟ್ಟ ನೂರು ರೂಪಾಯಿಯಲ್ಲಿ ನಿಮ್ಮ ಲಾಭ ಬಿಟ್ಟು ಉಳಿದದ್ದು ಅವತ್ತೇ ಊರು ಬಿಡುತ್ತದೆ. ಬೊಂಬೆಗೆ ಕೊಟ್ಟ ನೂರರಲ್ಲಿ ಲೇತಿನವರಿಗೆ, ಬಣ್ಣ ಹಾಕುವ ಹೆಣ್ಣುಮಕ್ಕಳಿಗೆ, ಮರ ತಂದುಕೊಡುವವರಿಗೆ ಪಾಲಿದೆ. ಅವರು ಅದೇ ದುಡ್ಡಿನಲ್ಲಿ ನಿಮ್ಮದೇ ಪೇಟೆಯಲ್ಲಿ ಅಕ್ಕಿ ಬೇಳೆ ತರುತ್ತಾರೆ.

ಮಗನ ಬೆಂಗಳೂರಿನ ಆಸೆಯನ್ನು ಕೆಲಸಕ್ಕೆ ಹಚ್ಚಿ. ಶಾಲೆಗಳು, ಕಂಪನಿಗಳು, ಗೃಹಪ್ರವೇಶ ಮಾಡುವವರು ಒಟ್ಟಿಗೆ ಇನ್ನೂರು, ಮುನ್ನೂರು ಕೊಳ್ಳುತ್ತಾರೆ. ಅವರಿಗೆ ಬಿಲ್ಲು, ಕಾಗದ ಸರಿಯಾಗಿರಬೇಕು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿದ್ದಕ್ಕೆ, ಜಿಐ, ಅಂದರೆ ಊರಿನ ಹೆಸರಿನ ಮಾಲಿಗೆ ಸಿಗುವ ಭೌಗೋಳಿಕ ಗುರುತು, ಅದರ ಅಧಿಕೃತ ಬಳಕೆದಾರರು ಮಾಡಿದ್ದಕ್ಕೆ ವಿನಾಯಿತಿ ಇದೆ. ಚನ್ನಪಟ್ಟಣದ ಬೊಂಬೆಗೆ ಜಿಐ ಇದ್ದೇ ಇದೆ. ನಿಮ್ಮ ಲೇತಿನವರ ಹೆಸರು ನೋಂದಣಿಯಾಗಿದೆಯಾ? ಮಗ ಮೊದಲು ಇದನ್ನು ಮಾಡಿಸಿಕೊಂಡು ಬರಲಿ. ಆಮೇಲೆ ಬೆಂಗಳೂರಿಗೆ ಆರ್ಡರ್ ತರೋಕೆ ಹೋಗಲಿ, ಸಂಜೆ ಮನೆಗೆ ಬರಲಿ.

ಮೊದಲೆಲ್ಲಾ ರೇಷ್ಮೆ ಗೂಡು ಮಾರಿದ ರೈತರು ಅವತ್ತೇ ನಮ್ಮಲ್ಲಿ ಬಟ್ಟೆ ಕೊಳ್ಳುತ್ತಿದ್ದರು. ಈಗ ದುಡ್ಡು ಸೀದಾ ಬ್ಯಾಂಕಿಗೆ ಹೋಗುತ್ತೆ. ಅವರು ಪೇಟೆ ಕಡೆ ತಲೆ ಹಾಕದೆ ಬಸ್ ಹತ್ತುತ್ತಾರೆ. ಇದಕ್ಕೇನು ದಾರಿ?
— ಬಟ್ಟೆ ಅಂಗಡಿಯವರು, ರಾಮನಗರ

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಮ್ಮೂರಿನ ಪೇಟೆ ಬೆಳೆದದ್ದೇ ಗೂಡಿನ ಮಾರುಕಟ್ಟೆಯ ದುಡ್ಡಿನಲ್ಲಿ. ಹರಾಜು ಮುಗಿಸಿ ಬಂದ ರೈತರ ಪಂಚೆಗೆ ರೇಷ್ಮೆ ಗೂಡಿನ ನಾರು ಅಂಟಿಕೊಂಡಿರುತ್ತಿತ್ತು. ಹತ್ತಿರ ಬಂದರೆ ಆ ಹುಳದ ವಾಸನೆ. ಟವೆಲ್ಲಿನ ಗಂಟು ಬಿಚ್ಚಿ, "ಒಂದು ಹಂಡೆ ತೋರಿಸಮ್ಮ" ಅನ್ನುತ್ತಿದ್ದರು. ಗೂಡಿಗೆ ರೇಟು ಬಂತೋ ಇಲ್ಲವೋ ಅಂತ ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಆದರೂ ದುಡ್ಡು ಖಾತೆಗೆ ಹೋಗುವುದು ಒಳ್ಳೆಯದೇ. ತೂಕದಲ್ಲಿ, ದುಡ್ಡಿನಲ್ಲಿ ಮೋಸ ಹೋಗಿ ಬರಿಗೈಯಲ್ಲಿ ಬಂದ ರೈತರು ನನ್ನ ಅಂಗಡಿ ಕಟ್ಟೆ ಮೇಲೆ ಕೂತು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ನಮ್ಮ ವ್ಯಾಪಾರಕ್ಕಾಗಿ ಆ ಕಾಲ ಮತ್ತೆ ಬರಲಿ ಅಂತ ನಾನು ಬಯಸುವುದಿಲ್ಲ. ನೀವೂ ಬಯಸಬೇಡಿ.

ದುಡ್ಡು ಈಗಲೂ ಅವರ ಜೇಬಿನಲ್ಲೇ ಇದೆ, ಫೋನಿನೊಳಗೆ. ಇಲ್ಲದಿರುವುದು ಹೊತ್ತು ಮತ್ತು ಜಾಗ. ಆಂಧ್ರದಿಂದ, ತಮಿಳುನಾಡಿನಿಂದ ರಾತ್ರಿಯೇ ಹೊರಟು ಬಂದವರಿರುತ್ತಾರೆ. ನಿದ್ದೆ ಇಲ್ಲ, ಸ್ನಾನ ಇಲ್ಲ. ಅವರಿಗೆ ಮುಖ ತೊಳೆಯಲು ನೀರು, ಶುಚಿಯಾದ ಶೌಚಾಲಯ, ಖಾಲಿ ಚೀಲ ಇಡಲು ಜಾಗ ಬೇಕು. ನಿಮ್ಮ ಬೀದಿಯ ಹತ್ತು ಅಂಗಡಿಯವರು ಸೇರಿ ಇಷ್ಟು ಮಾಡಿ. "ಚೀಲ ಇಲ್ಲಿ ಇಡಿ, ದುಡ್ಡು ಕೊಡಬೇಕಿಲ್ಲ" ಅಂತ ಕನ್ನಡ, ತೆಲುಗು, ತಮಿಳಿನಲ್ಲಿ ಬೋರ್ಡು ಹಾಕಿ. ಚೀಲ ಇಟ್ಟವರು ಅದನ್ನು ತೆಗೆದುಕೊಳ್ಳೋಕೆ ಮತ್ತೆ ಬರಲೇಬೇಕು. ಗೂಡಿನ ವ್ಯಾಪಾರ ಬೆಳಿಗ್ಗೆಯದು, ನೀವು ಅಂಗಡಿ ತೆಗೆಯೋದು ಹತ್ತೂವರೆಗೆ. ಅದನ್ನೂ ಸ್ವಲ್ಪ ಯೋಚಿಸಿ.

ನಾವು ಬಾಡಿಗೆ ಕಟ್ತೀವಿ, ತೆರಿಗೆ ಕಟ್ತೀವಿ. ಏನೂ ಕಟ್ಟದ ತಳ್ಳುಗಾಡಿಯವರು ನಮ್ಮ ಅಂಗಡಿ ಮುಂದೆಯೇ ನಿಲ್ಲುತ್ತಾರೆ. ಎಲ್ಲರನ್ನೂ ಎಬ್ಬಿಸಬೇಕು ಅಂತ ವರ್ತಕರು ಅರ್ಜಿ ಕೊಡುತ್ತಿದ್ದೇವೆ. ನೀವೂ ಅಂಗಡಿಯವರೇ, ಬೆಂಬಲಿಸಿ ಬರೆಯಿರಿ.
— ವರ್ತಕರೊಬ್ಬರು, ಕೆಂಗೇರಿ

ಬೆಂಬಲಿಸಿ ಬರೆಯಲಾರೆ, ಕ್ಷಮಿಸಿ. ಯಾಕೆ ಅಂತ ಹೇಳುತ್ತೇನೆ.

ನನ್ನ ಅಂಗಡಿ ಮುಂದೆ ಒಬ್ಬ ಹೂವಿನ ಅಮ್ಮ ಕೂರುತ್ತಿದ್ದರು. ಮೊದಮೊದಲು ನನಗೂ ಸಿಟ್ಟು. ಬಕೆಟ್ ನೀರು ಚೆಲ್ಲಿ ಮೆಟ್ಟಿಲು ಒದ್ದೆ, ಹೂವಿನ ಎಸಳು ಒಳಗೆಲ್ಲಾ. ಮಗಳ ಬಾಣಂತನಕ್ಕೆ ಅಂತ ಅವರು ನಾಲ್ಕು ತಿಂಗಳು ಊರಿಗೆ ಹೋದರು. ನನ್ನ ಮೆಟ್ಟಿಲು ಒಣಗಿತು. ಸಂಜೆ ಆರರ ಮೇಲೆ ಹೆಣ್ಣುಮಕ್ಕಳು ನಮ್ಮ ಕಡೆಗೆ ಬರುವುದೂ ಕಡಿಮೆಯಾಯಿತು. ಮೊಳ ಮಲ್ಲಿಗೆಗೆ ನಿಂತವರೇ ತಾನೇ ನನ್ನ ಲೋಟ, ತಟ್ಟೆ ನೋಡುತ್ತಿದ್ದದ್ದು? ಅವರು ವಾಪಸ್ ಬಂದ ದಿನ ನಾನೇ ಒಂದು ದೊಡ್ಡ ಬೋಗುಣಿ ಕೊಟ್ಟೆ, ನೀರು ಚೆಲ್ಲದಿರಲಿ ಅಂತ. ಅದರಲ್ಲೇ ಹೂವಿಟ್ಟುಕೊಂಡು ಅವರು ಕೊನೆವರೆಗೂ ಅಲ್ಲೇ ಕೂತರು.

ಕಾನೂನೂ ನಿಮ್ಮ ಅರ್ಜಿಗೆ ಒಪ್ಪುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು, ಎಲ್ಲರಿಗೂ ಮಾರಾಟದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ಇರುವ ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ ಕನಿಷ್ಠ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ವರ್ತಕರ ಸಂಘಕ್ಕೂ ಅದರಲ್ಲಿ ಜಾಗ ಇದೆ. ಅರ್ಜಿ ಹಾಕುವ ಬದಲು ಆ ಜಾಗ ಕೇಳಿ, ಸಭೆಗೆ ಹೋಗಿ ಕೂತುಕೊಳ್ಳಿ. ನೀವು ಕೇಳಬೇಕಾದ್ದು ಇಷ್ಟೇ. ಮೆಟ್ರೋ ಇಳಿದು ಬಂದವರು ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಫುಟ್‌ಪಾತ್ ಬಿಡಬೇಕು, ಅಂಗಡಿಯ ಬಾಗಿಲು ಮುಚ್ಚಬಾರದು, ಅಂಗಡಿಯಲ್ಲಿರುವ ಮಾಲನ್ನೇ ಅದೇ ಅಂಗಡಿ ಎದುರು ಮಾರಬಾರದು. ಕೂತು ಮಾತಾಡಿದರೆ ಇದಕ್ಕೆ ಯಾರೂ ಬೇಡ ಅನ್ನಲ್ಲ. ನಿಮ್ಮ ಕಡೆಯ ಅಂಗಡಿಗಳೂ ಮುಂದಕ್ಕೆ ಚಾಚಿದ ಬೋರ್ಡು, ಮಾಲಿನ ಸ್ಟ್ಯಾಂಡು ಒಳಗೆ ಎಳೆದುಕೊಳ್ಳಲಿ, ಆಗ ಮಾತಿಗೆ ಬೆಲೆ ಬರುತ್ತದೆ.

ನಿಮ್ಮ ಎದುರಿನ ಗಾಡಿಯವರಿಗೆ ಪಿಎಂ ಸ್ವನಿಧಿ, ಅಂದರೆ ಬೀದಿ ವ್ಯಾಪಾರಿಗಳಿಗೆ ಅಂತಲೇ ಇರುವ ಕೇಂದ್ರದ ಯೋಜನೆಯ ಸಾಲ ಸಿಕ್ಕಿದೆಯಾ ಅಂತ ಕೇಳಿ ನೋಡಿ. 2020ರಲ್ಲಿ ಶುರುವಾದಾಗ ಮೊದಲ ಸಾಲ 10,000 ರೂಪಾಯಿ ಇತ್ತು, ಈಗ 15,000 ಆಗಿದೆ. ಅವರು ಮೀಟರ್ ಬಡ್ಡಿಗೆ ಸಾಲ ತರುವುದು ತಪ್ಪಿದರೆ ಆ ದುಡ್ಡೂ ನಿಮ್ಮ ಬೀದಿಯಲ್ಲೇ ತಿರುಗುತ್ತದೆ.

ಪೇಟೆ ಬೀದಿಯಲ್ಲಿ ಗಾಡಿ ನಿಲ್ಲಿಸೋಕೆ ಜಾಗವೇ ಇಲ್ಲ. ಅದಕ್ಕೇ ಜನ ಮಾಲ್‌ಗೆ ಹೋಗುತ್ತಾರೆ ಅಲ್ವಾ?
— ಪುಸ್ತಕದ ಅಂಗಡಿಯವರು, ದೊಡ್ಡಬಳ್ಳಾಪುರ

ಒಂದು ಶುಕ್ರವಾರ ಸಂಜೆ ನಮ್ಮ ಬೀದಿಯಲ್ಲಿ ಕೂತು ಎಣಿಸಿದೆ. ಆರು ಅಂಗಡಿಗಳ ಮುಂದೆ 14 ಬೈಕು, ಸ್ಕೂಟರ್. ಅದರಲ್ಲಿ 9 ಅಂಗಡಿಯವರದ್ದು, ಕೆಲಸದ ಹುಡುಗರದ್ದು. ಬೆಳಿಗ್ಗೆ ನಿಲ್ಲಿಸಿದ್ದು ರಾತ್ರಿ ತನಕ ಅಲ್ಲೇ. ನೀವೂ ಒಂದು ದಿನ ಎಣಿಸಿ. ನಮ್ಮ ಗಾಡಿಗಳನ್ನು ಹಿಂದಿನ ಬೀದಿಗೆ ಹಾಕಿದರೆ ಸಾಕು, ಗಿರಾಕಿಗಳಿಗೆ ಜಾಗ ಆಯಿತು.

ಬೀದಿಯ ಎರಡೂ ಕಡೆ ನೆರಳು, ಸರಿಯಾದ ಚರಂಡಿ ಕಲ್ಲು, ಕೂರಲು ಎರಡು ಬೆಂಚು ಇದ್ದರೆ ಜನ ಸ್ವಲ್ಪ ದೂರದಲ್ಲಿ ನಿಲ್ಲಿಸಿ ನಡೆದೇ ಬರುತ್ತಾರೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿ ಸರಿ ಮಾಡಿದ ಮೇಲೆ ಜನ ಅಲ್ಲಿಗೆ ನಡೆಯೋಕೆ ಅಂತಲೇ ಹೋಗುತ್ತಾರೆ. ನಿಮ್ಮೂರಲ್ಲಿ ಇಂಥ ಕೆಲಸ ಮಾಡಿಸುವುದಾದರೆ ಒಂದು ಮಾತು ನೆನಪಿಡಿ. ಇಡೀ ಬೀದಿಯನ್ನು ಒಟ್ಟಿಗೆ ಅಗೆಯೋಕೆ ಬಿಡಬೇಡಿ. ಒಂದೊಂದು ಪಕ್ಕ, ನೂರು ನೂರು ಅಡಿ ಮುಗಿಸಿಕೊಂಡು ಬರಲಿ. ಗೌರಿ ಹಬ್ಬಕ್ಕೆ ಮುಂಚೆ ಹಳ್ಳ ಮುಚ್ಚಿರಬೇಕು. ಹಬ್ಬದ ತಿಂಗಳು ಹೋದರೆ ಸಣ್ಣ ಅಂಗಡಿಗೆ ವರ್ಷವೇ ಹೋದ ಹಾಗೆ.

ಸಣ್ಣ ಹೋಟೆಲ್ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಆವತ್ತೇ ಹೆದರಿ ಕ್ಯೂಆರ್ ಕಿತ್ತುಹಾಕಿದೆ. ಗಿರಾಕಿಗಳು ಬೈತಾರೆ.
— ಹೋಟೆಲಿನವರು, ಬಿಡದಿ

ಮತ್ತೆ ಅಂಟಿಸಿ. ವಹಿವಾಟು ಅಂದರೆ ಫೋನಿನದ್ದೂ ಸೇರಿತು, ನಗದೂ ಸೇರಿತು. ಕ್ಯೂಆರ್ ಕಿತ್ತರೆ ಗಿರಾಕಿ ಕಡಿಮೆಯಾಗುತ್ತಾರೆ, ಕಾನೂನು ಬದಲಾಗುವುದಿಲ್ಲ.

ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ಹೋಟೆಲನ್ನು ಸೇವೆ ಅಂತ ಲೆಕ್ಕ ಹಾಕುತ್ತಾರೆ, ಅದಕ್ಕೆ ಮಿತಿ 20 ಲಕ್ಷ. ದಿನಕ್ಕೆ ಸುಮಾರು ಐದೂವರೆ ಸಾವಿರ ವ್ಯಾಪಾರ ಆದರೆ ವರ್ಷಕ್ಕೆ 20 ಲಕ್ಷ ಆಗಿಬಿಡುತ್ತದೆ, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ದಾಟಿದ್ದರೆ ರಾಜಿ ತೆರಿಗೆ ಪದ್ಧತಿಗೆ, ಅಂದರೆ ಕಾಂಪೊಸಿಷನ್‌ಗೆ ಸೇರಬಹುದು. ಒಂದೂವರೆ ಕೋಟಿ ತನಕ ಅವಕಾಶ ಇದೆ. ಹೋಟೆಲಿಗೆ ನೂರಕ್ಕೆ 5, ಅಂಗಡಿಗೆ 1. ಇದನ್ನು ಗಿರಾಕಿಯ ಬಿಲ್ಲಿನ ಮೇಲೆ ಹಾಕುವಂತಿಲ್ಲ, ನೀವೇ ಕಟ್ಟಬೇಕು. ಹಾಗಾಗಿ ಇಡ್ಲಿಯ ಬೆಲೆ ಇಡುವಾಗಲೇ ಇದನ್ನೂ ಸೇರಿಸಿ ಲೆಕ್ಕ ಹಾಕಿ. ಮನೆಯ ದುಡ್ಡು, ಚೀಟಿ ದುಡ್ಡು, ಅಣ್ಣತಮ್ಮಂದಿರು ಕಳಿಸಿದ್ದು ಎಲ್ಲಾ ಒಂದೇ ಖಾತೆಗೆ ಬೀಳುತ್ತಿದ್ದರೆ ಇವತ್ತೇ ಹೋಟೆಲಿಗೆ ಬೇರೆ ಖಾತೆ ಮಾಡಿಸಿ.

ಆಂಟಿ, ದಿನಾ ರೈಲಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತೀನಿ. ನಾನು ಸ್ಟೇಷನ್ ಇಳಿಯೋದು ಎಂಟರ ಮೇಲೆ. ಅಷ್ಟೊತ್ತಿಗೆ ಪೇಟೆ ಮುಚ್ಚಿರುತ್ತೆ. ಕುಕ್ಕರ್ ಗ್ಯಾಸ್ಕೆಟ್ ಆನ್‌ಲೈನಲ್ಲಿ ತರಿಸಿದೆ, ಎರಡು ಸಲವೂ ಅಳತೆ ಸರಿ ಬರಲಿಲ್ಲ. ಊರಿನ ಅಂಗಡಿಯಲ್ಲೇ ಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಯಾವಾಗ ಕೊಳ್ಳಲಿ?
— ಓದುಗರೊಬ್ಬರು, ರಾಮನಗರ

ತಪ್ಪು ನಮ್ಮದು ಮಗಳೇ. 31 ವರ್ಷ ನಾನೂ ಎಂಟಕ್ಕೆ ಶಟರ್ ಎಳೆದವಳು. ಆಗ ಸಂಜೆಗೆ ಹಳ್ಳಿಯ ಬಸ್ಸುಗಳು ಹೊರಟುಬಿಟ್ಟರೆ ಪೇಟೆಯಲ್ಲಿ ಜನ ಇರುತ್ತಿರಲಿಲ್ಲ. ಈಗ ಸಂಬಳ ತರುವ ಊರಿನ ಮಕ್ಕಳು ಇಳಿಯುವುದೇ ಎಂಟರ ಮೇಲೆ. ರೈಲಿನಿಂದ ಇಳಿದು ಮುಚ್ಚಿದ ಶಟರ್‌ಗಳ ಮುಂದೆ ನಡೆದು ಮನೆಗೆ ಹೋಗುತ್ತೀರಿ. ದಿನಸಿ, ಬಟ್ಟೆ, ಪಾತ್ರೆ ಎಲ್ಲವನ್ನೂ ಬೆಂಗಳೂರಿನಲ್ಲೋ ಫೋನಿನಲ್ಲೋ ಕೊಳ್ಳುತ್ತೀರಿ. ಹೈವೇ ಕಾರುಗಳು ಹೋದವು ಅಂತ ಕೊರಗುವ ನಾವು ಈ ಗಿರಾಕಿಗಳ ಕಡೆ ನೋಡಲೇ ಇಲ್ಲ.

ಎಲ್ಲಾ ದಿನ ಬೇಡ. ವಾರಕ್ಕೆ ಒಂದು ಸಂಜೆ ಇಡೀ ಬೀದಿ ಒಟ್ಟಿಗೆ ತೆರೆದಿದ್ದರೂ ಸಾಕು. ಒಂದೇ ಅಂಗಡಿ ತೆರೆದರೆ ಕತ್ತಲ ಬೀದಿಗೆ ಹೆಣ್ಣುಮಕ್ಕಳು ಬರುವುದಿಲ್ಲ. ಹತ್ತು ಅಂಗಡಿಯ ದೀಪ ಉರಿಯುತ್ತಿದ್ದರೆ ಬರುತ್ತಾರೆ.

ನನ್ನ ಅಂಗಡಿಯಲ್ಲಿ ಈಗ ಸೊಸೆ ಕೂರುತ್ತಾಳೆ. ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಬಳೆ ಅಂಗಡಿಯವರು, ಎದುರಿನ ಹೋಟೆಲಿನವರ ಹತ್ತಿರವೂ ಮಾತಾಡಿದ್ದಾಳೆ. ಶುಕ್ರವಾರ ಒಂಬತ್ತೂವರೆ ತನಕ ತೆರೆದಿಡುತ್ತಾರಂತೆ. ಹಳೇ ಗ್ಯಾಸ್ಕೆಟ್ಟನ್ನೂ ಕುಕ್ಕರ್ ಮುಚ್ಚಳವನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಅಲ್ಲೇ ಹಾಕಿ, ಅಳತೆ ನೋಡಿ ಕೊಡುತ್ತಾಳೆ.